ಶ್ರೀಮಂಗಲದ ಲೈನ್ ರಿಪೇರಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ವಿರಾಜಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಹಗಲಿನ ಆಪರೇಟರ್. ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ನನ್ನ ಬೋರ್ಡಿನಲ್ಲಿ ಉಗುರಿನಷ್ಟು ದೊಡ್ಡ ಹಿತ್ತಾಳೆ ಮುಚ್ಚಳವೊಂದು ಕಳಚಿ ಬೀಳುತ್ತಿತ್ತು. ಯಾರು ಬೇಕೆಂದು ಕೇಳಿ ಪ್ಲಗ್ ಚುಚ್ಚಿ ಕೊಡುತ್ತಿದ್ದೆ. ಮಾತು ಮುಗಿದ ಮೇಲೆ ಅವರು ಇನ್ನೊಮ್ಮೆ ಹಿಡಿ ತಿರುಗಿಸಬೇಕು. ಆಗ ಬೇರೊಂದು ಮುಚ್ಚಳ ಬೀಳುತ್ತಿತ್ತು, ನಾನು ಪ್ಲಗ್ ಕಿತ್ತು ಲೈನ್ ಬಿಡಿಸುತ್ತಿದ್ದೆ.

ಆ ಮಳೆಗಾಲ ಶ್ರೀಮಂಗಲದವರು ಎಷ್ಟು ತಿರುಗಿಸಿ ಫೋನಿಟ್ಟರೂ ಈ ಎರಡನೆಯ ಮುಚ್ಚಳ ಬೀಳದಾಯಿತು. ಮೊದಲನೆಯದಕ್ಕೆ ಕಡಿಮೆ ಕರೆಂಟು ಸಾಕು, ಅದು ಬೀಳುತ್ತಿತ್ತು. ಮಾತು ಮುಗಿದಿದ್ದು ನನಗೆ ತಿಳಿಯುತ್ತಿರಲಿಲ್ಲ. ದಾರಿಯ ಹುದಿಕೇರಿಗೂ ಶ್ರೀಮಂಗಲಕ್ಕೂ ಇದ್ದದ್ದು ಅದೊಂದೇ ಲೈನ್. ಡಾಕ್ಟರಿಗೆ ಫೋನ್ ಮಾಡಬೇಕಾದವರೂ ಸುಮ್ಮನೆ ಕಾಯಬೇಕಾಗುತ್ತಿತ್ತು.

ನಮ್ಮ ಮೆಕ್ಯಾನಿಕ್ ತಲಶ್ಶೇರಿ ಕಡೆಯವರು. ಕೈ ಚುರುಕು, ಸ್ವಲ್ಪ ಸ್ವಾಭಿಮಾನಿ. ಅಣ್ಣ ಎನ್ನಲು ಅವರ ಮಲಯಾಳದಲ್ಲೇ ನಾನು ಅವರನ್ನು ಏಟ್ಟಾ ಎನ್ನುತ್ತಿದ್ದೆ. ಮುಚ್ಚಳವನ್ನು ಹಿಡಿದಿಡುವ ಕೊಂಡಿಯನ್ನು ಅವರು ಕೊಂಚ ಸಡಿಲಿಸಿದರು. ಶ್ರೀಮಂಗಲದವರು ತಿರುಗಿಸಿದ ಕೂಡಲೇ ಮುಚ್ಚಳ ಬಿತ್ತು. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಮೇಲಧಿಕಾರಿಗೆ ಖುಷಿಯಾಯಿತು. ಒಂದು ದಿನ ಬೋರ್ಡಿನಲ್ಲಿ ಕೂತು ಪರೀಕ್ಷಿಸು, ಸರಿ ಎಂದರೆ ಉಳಿದ ಮುಚ್ಚಳಗಳಿಗೂ ಹೀಗೆಯೇ ಮಾಡಿಸುತ್ತೇನೆ ಎಂದು ನನಗೆ ಹೇಳಿದರು.

ಬೆಳಿಗ್ಗೆಯೆಲ್ಲ ಸರಿಯಿತ್ತು. ಮಧ್ಯಾಹ್ನ ಮುಚ್ಚಳ ಬಿದ್ದದ್ದು ನೋಡಿ ಪ್ಲಗ್ ಕಿತ್ತೆ. ಮರುಕ್ಷಣ ಶ್ರೀಮಂಗಲದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮತ್ತೆ ಕರೆದು, ಮಾತಾಡುತ್ತಿರುವಾಗಲೇ ಕಟ್ ಮಾಡುವುದೆಂದರೇನು ಎಂದು ರೇಗಿದರು. ಅವರು ಹಿಡಿ ಮುಟ್ಟಿಯೇ ಇರಲಿಲ್ಲ. ಲೈನ್ ಮತ್ತೆ ಕೊಟ್ಟು, ಯಾಕಿರಬಹುದೆಂದು ಯೋಚಿಸುತ್ತಿದ್ದಾಗ ಹೊರಗೆ ಕಣ್ಣೂರಿನ ಬಸ್ ಹೋಯಿತು. ಕಿಟಕಿಯ ಗಾಜು ಗಲಗಲ ಎಂದಿತು, ಮುಚ್ಚಳ ತಾನಾಗಿ ಬಿತ್ತು. ಕಿವಿಗೊಟ್ಟು ಕೇಳಿದೆ. ರೈಟರ್ ಇನ್ನೂ ಮಾತಾಡುತ್ತಲೇ ಇದ್ದರು.

ಮೇಲಧಿಕಾರಿಯ ಕಿವಿಗೆ ಹಾಕುವ ಮೊದಲು ಏಟ್ಟನನ್ನೇ ಕರೆದು, ಮುಂದಿನ ಬಸ್ ಬರುವ ತನಕ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಮುಚ್ಚಳ ಬಿತ್ತು. ಅವರ ಮುಖ ಸಣ್ಣದಾಯಿತು.

"ಬೇರೆ ಎಂತ ಮಾಡೂದು ತಂಗಿ?" ಎಂದರು. "ಬಿಗಿ ಮಾಡಿದ್ರೆ ಬೀಳೂದಿಲ್ಲ, ಸಡಿಲ ಮಾಡಿದ್ರೆ ಸುಮ್ನೆ ಬೀಳ್ತದೆ."

"ಹುದಿಕೇರಿಯವರಿಗೂ ಇದೇ ಮುಚ್ಚಳ ಅಲ್ವಾ ಏಟ್ಟಾ? ಅವರು ತಿರುಗಿಸಿದ್ರೆ ಮೊದಲೂ ಸರಿ ಬೀಳ್ತಿತ್ತು. ತೊಂದ್ರೆ ಇಲ್ಲಿ ಅಲ್ಲ, ಹುದಿಕೇರಿಂದ ಆಚೆ ಎಲ್ಲೋ ಉಂಟು ಅಂತ ಕಾಣ್ತದೆ."

ಅವರು ಕೊಂಡಿಯನ್ನು ಮೊದಲಿನಂತೆ ಬಿಗಿ ಮಾಡಿ, ಮಾರನೆಯ ಬೆಳಿಗ್ಗೆ ಲೈನ್ ನೋಡಲು ಹೊರಟರು. ಈ ರಿಪೇರಿ ಉಳಿದವಕ್ಕೆ ಬೇಡವೆಂದು ನಾನು ಮೇಲಧಿಕಾರಿಗೆ ಹೇಳಿದೆ. ಅವರಿಗೆ ರುಚಿಸಲಿಲ್ಲ, ಆದರೂ ಕಾಯೋಣ ಎಂದರು.

ಶ್ರೀಮಂಗಲ ಹತ್ತಿರವಾಗುವಲ್ಲಿ ಕಂಬವೊಂದನ್ನು ಕರಿಮೆಣಸಿನ ಬಳ್ಳಿ ಹತ್ತಿ ತಂತಿಯನ್ನು ತಬ್ಬಿಕೊಂಡಿತ್ತಂತೆ. ಒದ್ದೆ ಬಳ್ಳಿಯ ಮೂಲಕ ಕರೆಂಟು ನೆಲಕ್ಕೆ ಇಳಿದುಹೋಗುತ್ತಿತ್ತು. ಕತ್ತರಿಸಲು ಹೋದರೆ ತೋಟದ ಅಜ್ಜಿ ಬಂದು, ಗೆರೆ ಕಟ್ಟಿದ, ಕಾಯಿಗೊಂಚಲು ಬಿಟ್ಟ ಬಳ್ಳಿ ಕಡಿಯಬೇಡಿ ಎಂದರಂತೆ. ಏಟ್ಟ ಅದನ್ನು ಸುತ್ತುಸುತ್ತಾಗಿ ಬಿಡಿಸಿ ಪಕ್ಕದ ಹಾಲುವಾಣದ ಮರಕ್ಕೆ ಕಟ್ಟಿ, ಊಟ ಅಲ್ಲೇ ಮಾಡಿದರು. ಆಮೇಲೆ ಶ್ರೀಮಂಗಲದಿಂದ ನನಗೆ ಫೋನ್ ಮಾಡಿ ಇಷ್ಟನ್ನೂ ಹೇಳಿ, ಒಂದೇ ಸುತ್ತು ಹಿಡಿ ತಿರುಗಿಸಿದರು. ಟಪ್ಪೆಂದು ಮುಚ್ಚಳ ಬಿತ್ತು. ಅದನ್ನು ಎತ್ತಿ ಸಿಕ್ಕಿಸಿ ಬಸ್ಸಿಗೆ ಕಾದೆ. ಬಸ್ ಹೋಯಿತು. ಮುಚ್ಚಳ ಅಲ್ಲಾಡಲಿಲ್ಲ.

ಮರುದಿನ ಏಟ್ಟ ಬಂದು, ನಾನು ಅಲ್ಲಿಯವರೆಗೆ ಮುಂದಿನಿಂದ ಮಾತ್ರ ಕಂಡಿದ್ದ ಬೋರ್ಡಿನ ಹಿಂದಿನ ಬಾಗಿಲು ತೆಗೆದರು.

"ಇನ್ನು ನಾನು ಎಂತ ರಿಪೇರಿ ಮಾಡಿದ್ರೂ ನೀವು ನೋಡ್ಬೇಕು. ಒಳಗೆ ಎಂತ ಉಂಟು ಅಂತ ಗೊತ್ತಿಲ್ದೆ ಹೇಗೆ ನೋಡೂದು?"

ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಒಂದೊಂದಾಗಿ ಕೇಳತೊಡಗಿದೆ. ಕರೆ ಬಂದಾಗ ಮುಂದಕ್ಕೆ ಓಡಿ ಪ್ಲಗ್ ಚುಚ್ಚುವುದು, ಮತ್ತೆ ಹಿಂದಕ್ಕೆ ಬಂದು ನಿಲ್ಲುವುದು. ಸಂಜೆಯ ಹೊತ್ತಿಗೆ ಕಾಲು ನೋಯುತ್ತಿತ್ತು. ನಾಳೆ ಯಾವಾಗ ಬರುತ್ತೀರಿ ಎಂದು ಅವರನ್ನು ಕೇಳಿಯೇ ಮನೆಗೆ ಹೊರಟೆ.