ಧೂಳಿಗೆ ಬೆನ್ನು ಕೊಟ್ಟು ನಿಂತವರು

ದೂರದಲ್ಲೆಲ್ಲೋ ಮೋಟಾರಿನ ಸದ್ದು ಕೇಳಿದರೆ ಸಾಕು, ಖಾಸೀಂ ಮಾಸ್ತರರು ಸೈಕಲ್ಲಿನಿಂದ ಇಳಿದುಬಿಡುತ್ತಿದ್ದರು. ಇಳಿದು ಸುಮ್ಮನೆ ರಸ್ತೆಯ ಬದಿಗೆ ನಿಲ್ಲುವವರಲ್ಲ. ಸೈಕಲ್ಲನ್ನು ಎತ್ತಿಕೊಂಡು ಕಾಲುವೆ ದಾಟಿ, ತೊಗರಿ ಹೊಲದೊಳಗೆ ಹೋಗಿ, ರಸ್ತೆಗೆ ಬೆನ್ನು ಮಾಡಿ, ರುಮಾಲಿನಿಂದ ಮೂಗು ಬಾಯಿ ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಶೇರವಾನಿಯ ಮೇಲೆ ಕೆಂಪು ರೂಮಿ ಟೋಪಿ. ತೊಗರಿಯ ಮೇಲೆ ಆ ಟೋಪಿಯೊಂದೇ ಕಾಣುತ್ತಿತ್ತು. ಮೋಟಾರು ಹೋಗಿ, ಧೂಳು ಇಳಿದು, ಹಕ್ಕಿಗಳ ದನಿ ಮತ್ತೆ ಕೇಳತೊಡಗಿದರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಕಣ್ಣು ತೆರೆಯದೆಯೇ ನನ್ನನ್ನು ಕೇಳುತ್ತಿದ್ದರು:

"ಹೋತೇನ್ರಿ, ಶರಣಪ್ಪ ಮಾಸ್ತರ್?"

"ಹೋತ್ರಿ, ಬರ್ರಿ."

"ಹಿಂದ ಇನ್ನೊಂದು ಬರಲಿಕತ್ತದೇನು ನೋಡ್ರಿ."

ನಾವಿಬ್ಬರೂ ಸೇಡಂನಲ್ಲಿ ಮನೆ ಮಾಡಿಕೊಂಡು, ದಿನವೂ ಸೈಕಲ್ ಮೇಲೆ ಆಡಕಿಯ ಶಾಲೆಗೆ ಹೋಗಿ ಬರುತ್ತಿದ್ದೆವು. ಅವರು ಉರ್ದು ಕಲಿಸುತ್ತಿದ್ದರು, ನಾನು ಲೆಕ್ಕ. ಜರ್ಮನಿಯ ಎರಡನೇ ಯುದ್ಧದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ರಸ್ತೆಯ ಮೇಲೆ ಮೋಟಾರುಗಳು ಕಡಿಮೆಯೇ. ಗಣಿಯಿಂದ ಫರಸಿಕಲ್ಲು ಸಾಗಿಸುವ ಲಾರಿ, ಯಾವಾಗಲೋ ಒಮ್ಮೆ ಅಧಿಕಾರಿಗಳ ಕಾರು, ಮತ್ತೆ ಇದ್ದಲಿನ ಹೊಗೆಯ ಮೇಲೆ ನಡೆಯುವ ಒಂದು ಖಾಸಗಿ ಬಸ್ಸು. ಇಷ್ಟಕ್ಕೇ ಖಾಸೀಂ ಮಾಸ್ತರರು ಜೀವ ಕೈಯಲ್ಲಿ ಹಿಡಿದು ಸೈಕಲ್ ತುಳಿಯುತ್ತಿದ್ದರು.

ಕಾರಣವಿತ್ತು. ಅವರ ಅಣ್ಣ ವಾಡಿಯ ರಸ್ತೆಯಲ್ಲಿ ಹೀಗೇ ಸೈಕಲ್ ಮೇಲೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರೊಂದು ಕೆಡವಿ ಕೊಂದು ಹೋಗಿತ್ತು. ಅದು ಯಾರ ಕಾರೆಂದು ಎಲ್ಲರಿಗೂ ಗೊತ್ತಿತ್ತಂತೆ, ಹೇಳುವ ಎದೆ ಯಾರಿಗೂ ಇರಲಿಲ್ಲವಂತೆ. "ಮೋಟಾರಿಗಿ ಕಣ್ಣಿಲ್ಲ, ಅದು ಸರಿ ಅದರಿ," ಎನ್ನುತ್ತಿದ್ದರು. "ಒಳಗ ಕುಂತವರಿಗಿ ಯಾಕ ಇರಂಗಿಲ್ಲ ಅಂತೀನಿ ನಾ."

ಅವರ ಸೈಕಲ್ಲು ನೋಡುವಂತಿತ್ತು. ಹ್ಯಾಂಡಲ್ಲಿಗೆ ಒಂದಲ್ಲ, ಎರಡು ಘಂಟಿ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಬಲಗಡೆ ಹಜಾಮರ ಅಂಗಡಿಯ ಒಂದು ಸಣ್ಣ ಕನ್ನಡಿಯನ್ನು ತಂತಿಯಿಂದ ಕಟ್ಟಿದ್ದರು. ಹಿಂದೆ ಬರುವುದು ಕಾಣಲಿ ಎಂದು ಅದನ್ನು ಕಟ್ಟಿದ್ದು, ಆದರೆ ಅದರಲ್ಲಿ ಅವರದೇ ಗಡ್ಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಯುದ್ಧದಿಂದಾಗಿ ಸಾಮಾನು ಸಿಗದಂತಾದ ಮೇಲೆ ಬ್ರೇಕಿಗೆ ರಬ್ಬರಿನ ಬದಲು ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಕೂಡಿಸಿದ್ದರು. ಟೈರು ಒಡೆದಲ್ಲಿ ಒಳಗಿನಿಂದ ಇನ್ನೊಂದು ಟೈರಿನ ತುಂಡು ಇಟ್ಟು ಹೊಲಿದಿದ್ದರು. ಮುಂಜಾನೆ ನಾನು ಅವರ ಮನೆಯ ಮುಂದೆ ಹೋಗಿ ನಿಂತರೆ ತಕ್ಷಣ ಹೊರಡುವ ಮಾತಿಲ್ಲ. ಹವಾ ಒತ್ತಿ ನೋಡಬೇಕು, ಬ್ರೇಕು ಹಿಡಿದು ನೋಡಬೇಕು, ಎರಡೂ ಘಂಟಿ ಬಾರಿಸಬೇಕು. ಒಳಗಿನಿಂದ ಅವರ ಬೀಬಿ, "ಆತಿಲ್ಲ, ಇನ್ನ ಹೋಗ್ರಿ, ಶಾಲಿ ಬಿಡೂ ಹೊತ್ತಾತು" ಎಂದು ಚುಚ್ಚುತ್ತಿದ್ದರು.

ಈ ಅಂಜಿಕೆಯಿಂದ ಅವರಿಗೆ ಒಂದು ಹೆಸರೂ ಬಂದಿತ್ತು. ಆಗೆಲ್ಲ ಅಧಿಕಾರಿಗಳ ಮೋಟಾರು ಬಂದರೆ ಸೈಕಲ್ಲಿನವರು ಇಳಿದು ಸಲಾಮು ಮಾಡಬೇಕೆಂಬ ರೂಢಿ. ಇವರು ಸದ್ದು ಕೇಳಿದ ಕೂಡಲೇ ಇಳಿಯುವುದನ್ನು ದೂರದಿಂದ ಕಂಡವರು, ಎಂಥ ಅದಬು, ಎಂಥ ಮರ್ಯಾದೆಯ ಮನುಷ್ಯ ಎಂದು ಹೊಗಳುತ್ತಿದ್ದರು. ಆದರೆ ಒಂದು ದಿನ ದೊಡ್ಡ ಅಧಿಕಾರಿಯೊಬ್ಬರ ಕಾರು ನಮ್ಮನ್ನು ದಾಟಿ ಮುಂದೆ ಹೋಗಿ ನಿಂತಿತು. ನಿಧಾನವಾಗಿ ಹಿಂದಕ್ಕೆ ಬಂತು. ಸಾಹೇಬರು ಕಿಟಕಿಯಿಂದ ಮುಖ ಹೊರಗೆ ಹಾಕಿ, "ನನಗ ಬೆನ್ನ ತೋರಸ್ತೀಯಾ?" ಎಂದು ಉರ್ದುವಿನಲ್ಲಿ ಕೇಳಿದರು. ನೌಕರಿ ಹೋಗುವುದು ಆಮೇಲಿನ ಮಾತು, ಅಲ್ಲೇ ಚಾಬೂಕಿನ ಏಟು ಬೀಳಬಹುದಿತ್ತು. ಹೊಲದಲ್ಲಿ ನಿಂತಿದ್ದ ಖಾಸೀಂ ಮಾಸ್ತರರು ತಿರುಗಿ, ಬಾಗಿ ಸಲಾಮು ಮಾಡಿ, "ಹುಜೂರ್, ಧೂಳು ಮೆತ್ತಿದ ಮಾರಿ ಹುಜೂರರಿಗಿ ಹ್ಯಾಂಗ ತೋರಸ್ಲಿ?" ಎಂದು ಅದೇ ಭಾಷೆಯಲ್ಲಿ ಹೇಳಿದರು. ಸಾಹೇಬರು ನಕ್ಕು ಹೊರಟುಹೋದರು. ನಾನೂ ನಗಲಿಕ್ಕೆ ಹೋದೆ. ನೋಡಿದರೆ ಇವರು ಪೆಡಲಿನ ಮೇಲೆ ಕಾಲಿಡುತ್ತಾರೆ, ಕಾಲು ಜಾರಿ ಕೆಳಗೆ ಬೀಳುತ್ತದೆ. ಅಂದು ಸೈಕಲ್ ಹತ್ತಲಿಕ್ಕೆ ಆಗದೆ ಸೇಡಂವರೆಗೂ ತಳ್ಳಿಕೊಂಡೇ ನಡೆದರು, ಅವರ ಜತೆ ನಾನೂ ನಡೆದೆ.

ಇಂಥ ಮನುಷ್ಯ ಒಂದು ಮಧ್ಯಾಹ್ನ ಮಾಡಿದ ಕೆಲಸವನ್ನು ನೆನೆದರೆ ಈಗಲೂ ನನ್ನ ಬಾಯಿಯ ಪಸೆ ಆರುತ್ತದೆ.

ನನ್ನ ಹೆಂಡತಿ ನೀಲಮ್ಮನಿಗೆ ಚೊಚ್ಚಲ ಬಸಿರು, ದಿನ ತುಂಬುತ್ತ ಬಂದಿದ್ದವು. ಹೆರಿಗೆಗೆ ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಂದಿದ್ದ. ಅವಳ ತವರು ಆಡಕಿಯಿಂದಲೂ ಆಚೆ. ಎತ್ತಿನ ಗಾಡಿಯ ಕುಲುಕಾಟ ಬೇಡವೆಂದು ಮಧ್ಯಾಹ್ನದ ಬಸ್ಸಿಗೆ ಹೋಗುವುದೆಂದಾಗಿತ್ತು. ಅಂದು ಗುರುವಾರ; ಆಗ ವಾರದ ರಜೆ ಶುಕ್ರವಾರ, ಹೀಗಾಗಿ ಶಾಲೆ ಅರ್ಧ ದಿನ. ದಾರಿಯಲ್ಲಿ ಬಸ್ಸು ಎದುರಾದಾಗ ಅವಳ ಮುಖ ನೋಡಬಹುದು ಎಂದುಕೊಂಡು ನಾನು ಆಡಕಿಯಿಂದ ಹೊರಟಿದ್ದೆ.

ಕಲ್ಲು ತುಂಬಿದ ಲಾರಿಯೊಂದು ನಮ್ಮನ್ನು ದಾಟಿ ಸೇಡಂ ಕಡೆಗೆ ಹೋಯಿತು. ಖಾಸೀಂ ಮಾಸ್ತರರು ಎಂದಿನಂತೆ ಇಳಿದರು, ನಿಂತರು, ಕೇಳಿದರು, ಮತ್ತೆ ಹತ್ತಿದರು. ಮುಂದೆ ಹಳ್ಳದ ಹತ್ತಿರ ಬಂದು ನೋಡಿದರೆ ಮೋರಿಯ ಮೇಲೆ ಹಾಸಿದ್ದ ಫರಸಿಕಲ್ಲುಗಳು ಮುರಿದು ಹಳ್ಳಕ್ಕೆ ಬಿದ್ದಿದ್ದವು. ಲಾರಿಯ ಭಾರಕ್ಕೆ ಬಿರಿದು, ಅದು ದಾಟಿದ ಮೇಲೆ ಕುಸಿದಿರಬೇಕು. ನಾವು ಹಳ್ಳಕ್ಕಿಳಿದು ಸೈಕಲ್ಲು ಹೊತ್ತು ಆಚೆ ದಡ ಹತ್ತಿದೆವು. ಅಷ್ಟರಲ್ಲಿ ದಿಬ್ಬದ ಆಚೆಯಿಂದ ಬಸ್ಸಿನ ಸದ್ದು ಕೇಳಿತು. ದಿಬ್ಬದಿಂದ ಮೋರಿಯವರೆಗೆ ಇಳಿಜಾರು. ಮೇಲಿನಿಂದ ಬರುವವರಿಗೆ ಆ ಹೊಂಡ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ನಾನು ಸೈಕಲ್ಲು ಬಿಸಾಡಿ, ಎರಡೂ ಕೈ ಎತ್ತಿ, ಕೂಗುತ್ತ ದಿಬ್ಬದ ಕಡೆಗೆ ಓಡಿದೆ. ಆ ಬಸ್ಸಿನ ಪದ್ಧತಿ ನಮಗೆಲ್ಲ ಗೊತ್ತಿದ್ದದ್ದೇ. ಒಮ್ಮೆ ನಿಂತು ಬೆಂಕಿ ಸಪ್ಪಗಾದರೆ ಮತ್ತೆ ಇದ್ದಲು ಊದಿ ಹೊರಡಿಸುವುದರಲ್ಲಿ ಸಾಕುಸಾಕಾಗುತ್ತದೆ. ಹೀಗಾಗಿ ನಡುದಾರಿಯಲ್ಲಿ ಕೈ ಮಾಡಿದವರಿಗೆ ಡ್ರೈವರ್ ಎಂದೂ ನಿಲ್ಲಿಸಿದವನಲ್ಲ. ನನ್ನನ್ನೂ ಹತ್ತಲಿಕ್ಕೆ ನಿಂತವನೆಂದೇ ತಿಳಿದ. "ಜಾಗಾ ಇಲ್ಲೋ!" ಎಂದು ಕೈಯಾಡಿಸುತ್ತ ನನ್ನ ಪಕ್ಕದಲ್ಲೇ ದಾಟಿಸಿಕೊಂಡು ಹೋದ. ಕಿಟಕಿಯಲ್ಲಿ ನೀಲಮ್ಮ ಕಂಡಳು. ನಾನು ಅವಳನ್ನು ಕಳಿಸಲಿಕ್ಕೆ ಬಂದಿದ್ದೇನೆಂದು ತಿಳಿದು ನಗುತ್ತಿದ್ದಳು.

ತಿರುಗಿ ನೋಡಿದೆ. ಖಾಸೀಂ ಮಾಸ್ತರರು ರಸ್ತೆಯ ನಟ್ಟನಡುವೆ ನಿಂತಿದ್ದರು. ಮೊದಲು ಹೊಲಕ್ಕೆ ಇಳಿದವರೇ, ಶೇರವಾನಿಯ ತುದಿಗೆ ಮುಳ್ಳು ಮೆತ್ತಿದ್ದವು. ಇಳಿದವರು ಮತ್ತೆ ಯಾವಾಗ ಮೇಲೆ ಹತ್ತಿದರೋ ನಾನು ಕಾಣೆ. ಬಸ್ಸಿನ ಕಡೆಗೆ ಬೆನ್ನು ಮಾಡಿದ್ದರು. ಅದನ್ನು ಕಣ್ಣಾರೆ ನೋಡುವುದು ಅವರಿಂದ ಸಾಧ್ಯವೇ ಇರಲಿಲ್ಲ. ಹಿಂದುಗಡೆ ಸೈಕಲ್ಲನ್ನು ಅಡ್ಡ ಕೆಡವಿದ್ದರು, ರುಮಾಲು ಬಾಯಿಗೆ ಒತ್ತಿ ಹಿಡಿದಿದ್ದರು. ಡ್ರೈವರ್ ಬೈಯುತ್ತಿದ್ದ, ಹಾರ್ನ್ ಒತ್ತುತ್ತಿದ್ದ. ಅವರು ಅಲ್ಲಾಡಲಿಲ್ಲ. ಬ್ರೇಕು ಕಿರುಚುವ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಸೈಕಲ್ಲಿನ ಹಿಂದಿನ ಗಾಲಿ ಬಸ್ಸಿನ ಕೆಳಗಿತ್ತು. ಅವರು ಹಾಗೇ ನಿಂತಿದ್ದರು. ಡ್ರೈವರ್ ಬೈಯುತ್ತ ಕೆಳಗಿಳಿದವನು ನಾಲ್ಕು ಹೆಜ್ಜೆ ಮುಂದೆ ಹೋಗಿ ಮೋರಿಯನ್ನು ಕಂಡು, ತಲೆಯ ಮೇಲೆ ಕೈಹೊತ್ತು ಕುಳಿತ. ನಾನು ಓಡಿ ಹೋಗಿ ಖಾಸೀಂ ಮಾಸ್ತರರ ಕೈ ಹಿಡಿದೆ. ಅವರಿನ್ನೂ ಕಣ್ಣು ತೆರೆದಿರಲಿಲ್ಲ.

"ಹೋತೇನ್ರಿ?" ಎಂದರು.

ಹದಿನೈದು ದಿನಕ್ಕೆ ನನಗೆ ಮಗಳು ಹುಟ್ಟಿದಳು. ಊರಿನವರು ಅವರನ್ನು ಭಾರೀ ಧೈರ್ಯಸ್ಥನೆಂದು ಹಾರ ಹಾಕಲು ಹೋದರೆ ಮನೆಯ ಬಾಗಿಲು ಹಾಕಿಕೊಂಡು ಒಳಗೇ ಕುಳಿತರು. ಆಮೇಲೆ ಅವರು ಸೈಕಲ್ ಮುಟ್ಟಲಿಲ್ಲ. ಹೊಸ ಗಾಲಿ ಹಾಕಿಸಿಕೊಡುತ್ತೇನೆಂದರೂ ಬೇಡವೆಂದರು. ಮೇಲಿನವರ ಕೈಕಾಲು ಹಿಡಿದು ತಮ್ಮ ಊರಾದ ಚಿಂಚೋಳಿಗೇ ವರ್ಗ ಮಾಡಿಸಿಕೊಂಡರು. ಅಲ್ಲಿ ಮನೆಗೂ ಶಾಲೆಗೂ ನಡುವೆ ಒಂದು ಓಣಿ ಮಾತ್ರ. ಹೋಗುವಾಗಲೂ ಬಸ್ಸಿಗೆ ಹೋಗಲಿಲ್ಲ, ಗಾಡಿ ಕಟ್ಟಿಸಿದರು. ಊರ ಹೊರಗಿನವರೆಗೆ ಗಾಡಿಯ ಹಿಂದೆ ನಾನೂ ಖಾಸೀಂ ಮಾಸ್ತರರೂ ನಡೆದೆವು. ಮಗಳನ್ನು ನಾನು ಎತ್ತಿಕೊಂಡಿದ್ದೆ.

"ಆ ದಿನ ನಿಮಗ ಅಂಜಿಕಿ ಆಗ್ಲಿಲ್ಲೇನ್ರಿ?" ಎಂದು ಕೇಳಿದೆ.

"ಯಾಕ ಆಗಂಗಿಲ್ರಿ? ಭಾಳ ಆತು," ಎಂದರು. "ಹೊಲದಾಗ ನಿಂತು ವಿಚಾರ ಮಾಡ್ದೆ. ಬಸ್ ಹಳ್ಳಕ್ಕ ಬಿತ್ತಂದ್ರ, ನಾಳಿಗಿ ಇದೇ ದಾರ್ಯಾಗ ನಿಮ್ಮ ಬಾಜೂಕ ನಾ ಸೈಕಲ್ ಹೊಡೀಬೇಕಲ್ಲ. ನಿಮ್ಮ ಮಾರಿ ಹ್ಯಾಂಗ ನೋಡ್ಲಿ? ಅದಕ್ಕ ಇನ್ನೂ ಜಾಸ್ತಿ ಅಂಜಿದ್ನಿ."

ಅದೇ ಅವರ ಜತೆ ಆಡಿದ ಕೊನೆಯ ಮಾತು.

ಕೆಲವು ವರ್ಷಗಳ ಮೇಲೆ ಸಂಸ್ಥಾನದಲ್ಲಿ ಗಲಾಟೆ ಶುರುವಾಯಿತು. ಮೊದಲು ನಮ್ಮ ಕಡೆಯವರು ಅಂಜಿ ಬಾಗಿಲು ಹಾಕಿಕೊಂಡೆವು. ಹಿಂದೂಸ್ತಾನದ ಫೌಜು ಬಂದು ನಿಜಾಮರ ರಾಜ್ಯ ಮುಗಿದ ಮೇಲೆ ಅವರ ಕಡೆಯವರು ಅಂಜಿ ಬಾಗಿಲು ಹಾಕಿಕೊಂಡರು. ಹಳ್ಳಿಗಳಿಂದ ಬರುವ ಸುದ್ದಿಗಳನ್ನು ಜನ ಪಿಸುಮಾತಿನಲ್ಲಿ ಹೇಳುತ್ತಿದ್ದರು. ನೀಲಮ್ಮ ಊಟ ಬಿಟ್ಟಳು. "ಹೋಗಿ ಕರಕೊಂಡು ಬರ್ರಿ ಅವರ್ನ. ಯಾರರ ಕೇಳಿದ್ರ ನಮ್ಮ ಮನ್ಯಾಗ ಅದಾರ ಅಂತ ನಾನೇ ಹೇಳ್ತೀನಿ," ಎಂದಳು.

ನಾನು ಸೈಕಲ್ ಹತ್ತಿ ಚಿಂಚೋಳಿಗೆ ಹೊರಟೆ. ದಾರಿಯುದ್ದಕ್ಕೂ ಒಂದು ಮೋಟಾರಿಲ್ಲ, ಗಾಡಿಯಿಲ್ಲ, ಹೊಲದಲ್ಲಿ ಮನುಷ್ಯರಿಲ್ಲ. ಸದ್ದೇ ಇಲ್ಲದ ರಸ್ತೆ ಅಷ್ಟು ಭಯ ಹುಟ್ಟಿಸುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಚೈನಿನ ಸದ್ದಿಗೂ ಬೆಚ್ಚುತ್ತಿದ್ದೆ. ಅವರ ಓಣಿ ಹುಡುಕಿಕೊಂಡು ಹೋದೆ. ಬಾಗಿಲಿಗೆ ಕೀಲಿ ಇರಲಿಲ್ಲ, ಬಾಗಿಲೇ ಇರಲಿಲ್ಲ. ಒಳಗೆ ಮಸಿ ಹಿಡಿದ ಗೋಡೆಗಳು. ಪಕ್ಕದ ಮನೆಯ ಮುದುಕಿಯೊಬ್ಬಳು ಕದದ ಸಂದಿಯಿಂದಲೇ, "ಯಾರಿಗಿ ಗೊತ್ತೋ ಯಪ್ಪಾ. ಬೀಬಿ ಸಂಗಾಟ ಹೊಲದ ಕಡಿ ಓಡಿದ್ದು ನೋಡೀನಿ. ನೀ ಇಲ್ಲಿ ನಿಂದರಬ್ಯಾಡ, ಹೋಗು," ಎಂದಳು. ಯಾರನ್ನು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಇವತ್ತಿನವರೆಗೂ ಹೇಳಿದವರಿಲ್ಲ.

ಮರುದಿನ ಸಂಜೆ ಸೇಡಂಗೆ ಮರಳಿದೆ. ನೀಲಮ್ಮ ಮಗಳನ್ನು ಸೊಂಟಕ್ಕೆತ್ತಿಕೊಂಡು ಹೊರಗೇ ನಿಂತಿದ್ದಳು. ಒಳಗೆ ಪಡಸಾಲೆ ಸಾರಿಸಿ ಎರಡು ಜಮಖಾನೆ ಹಾಸಿದ್ದಳು. ನಾನು ಇಳಿದು ಸೈಕಲ್ಲನ್ನು ಗೋಡೆಗೆ ಆನಿಸಿದೆ. ಅವಳು ನಾನು ಬಂದ ದಾರಿಯನ್ನು ಬಗ್ಗಿ ಬಗ್ಗಿ ನೋಡುತ್ತ, ಕತ್ತಲಾದರೂ ಅಲ್ಲೇ ನಿಂತಿದ್ದಳು.