ಆಯುಧಪೂಜೆಯ ದಿನ ಅಳಿಸಿಹೋದ ಡೇಟಾಬೇಸು

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೆ.ಆರ್. ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ಆಲೆಮನೆಗಳ ಬೆಲ್ಲವನ್ನು ಹೊರಗಿನ ವ್ಯಾಪಾರಿಗಳಿಗೆ ತೋರಿಸಲು ನಮ್ಮದೊಂದು ವೆಬ್‌ಸೈಟಿತ್ತು; ಅದನ್ನು ಕಟ್ಟಿದವಳು ನಾನೇ. ಅದು ಇದ್ದದ್ದು ಮುಂಬೈನಲ್ಲಿ ಬಾಡಿಗೆಗೆ ಹಿಡಿದ ಸರ್ವರಿನಲ್ಲಿ. ಇಲ್ಲಿಂದ ಫೋನ್ ಲೈನಿನ ಮೇಲೆ ಅದರೊಳಗೆ ಹೋಗಿ ಕೆಲಸ ಮಾಡುತ್ತಿದ್ದೆ. ಅಪ್ಪ ನನ್ನನ್ನು ದಿನಾ ನಮ್ಮೂರು ಬೂಕನಕೆರೆಯಿಂದ ಬಸ್ಸು ಹತ್ತಲು ಬಿಟ್ಟಿದ್ದು ಒಂದೇ ಕರಾರಿನ ಮೇಲೆ: "ನಿನ್ ಮೇಲೆ ಒಂದು ಮಾತು ಬಂದ್ರೂ ಅವತ್ತೇ ಕೆಲ್ಸ ಬುಟ್ಟು ಮನೇಲಿರ್ಬೇಕು."

ಅವತ್ತು ಆಯುಧಪೂಜೆ. ಸೆಂಟರನ್ನು ತೊಳೆದು, ಕಂಪ್ಯೂಟರುಗಳ ಧೂಳು ಒರೆಸಿ, ನಾನು ಹೂವು ತರಲು ಸಂತೆಬೀದಿಗೆ ಹೋದೆ. ಬರುವಷ್ಟರಲ್ಲಿ ಅಪ್ಪ ದೃಷ್ಟಿ ತೆಗೆಯಲು ಹಿತ್ತಲಿನ ಬೂದುಗುಂಬಳ ಹೊತ್ತು ತಂದು ಬೆಂಚಿನ ಮೇಲೆ ಕೂತಿದ್ದ. ಪೂಜೆಯಾಯಿತು. ಕೀಬೋರ್ಡಿಗೆಲ್ಲ ಕುಂಕುಮ, ಮಾನಿಟರಿಗೆ ಸೇವಂತಿಗೆ ಹಾರ. ಕಡ್ಲೆಪುರಿ ಹಂಚುತ್ತಾ ಸೆಂಟರಿನ ಯಜಮಾನರು ಹೆಮ್ಮೆಯಿಂದ ಹೇಳಿದರು: "ಹೊರಗಿನ ಕಸ ನೀನು ತೆಗ್ದೆ, ಒಳಗಿನ ಕಸ ನಾನು ತೆಗ್ದೆ ಕಣಮ್ಮ. ಸರ್ವರಲ್ಲಿ ನಮ್ದಲ್ದು ಯಾವ್ದೋ ಡೇಟಾಬೇಸ್ ಬಿದ್ದಿತ್ತು. ಅಳಿಸ್ಬುಟ್ಟೆ."

ಅಯ್ಯೋ ಶಿವನೇ! ನಮ್ಮದಲ್ಲ ನಿಜ, ಅದು ಸರ್ವರಿನದೇ. ಯಾರನ್ನು ಒಳಗೆ ಬಿಡಬೇಕು, ಯಾರು ಏನು ಮುಟ್ಟಬಹುದು ಅನ್ನುವುದೆಲ್ಲ ಅದರಲ್ಲೇ ಇತ್ತು. ಓಡುತ್ತಿರುವಷ್ಟು ಹೊತ್ತು ಸರ್ವರಿಗೆ ಅದು ತಲೆಯಲ್ಲಿ ನೆನಪಿರುತ್ತದೆ, ಸೈಟು ನಡೆಯುತ್ತದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮರೆತು ನಮ್ಮನ್ನೂ ಹೊರಗೇ ನಿಲ್ಲಿಸುತ್ತದೆ. ಮುಂಬೈನವರು ಏನೋ ರಿಪೇರಿಗೆಂದು ಅವತ್ತು ಸಂಜೆಯೇ ಅದನ್ನು ಆಫ್ ಮಾಡಿ ಆನ್ ಮಾಡುವವರಿದ್ದರು.

"ಸಾರ್, ಈಗ್ಲೇ ಕೂತು ಸರಿ ಮಾಡ್ಬೇಕು" ಎಂದೆ.

"ಪೂಜೆ ಆಯ್ತಲ್ಲ. ಇವತ್ತು ಆಯುಧ ಮುಟ್ಟಂಗಿಲ್ಲ. ನಾಳೆ ನೋಡ್ಕೊ."

"ನಾಳೆಗೆ ಏನೂ ಉಳಿಯಲ್ಲ ಸಾರ್!"

ಅವರು ಅಪ್ಪನ ಕಡೆ ತಿರುಗಿದರು. "ನೋಡಿ ಗೌಡ್ರೆ, ನಿಮ್ ಮಗ್ಳು ಏನೋ ಎಡವಟ್ ಮಾಡ್ಕಂಡು ಈಗ ಪೂಜೆ ಕೆಡ್ಸಾಕೆ ನಿಂತವ್ಳೆ."

ಎಲಾ ಇವರ! ಅಕ್ಕಪಕ್ಕದ ಅಂಗಡಿಯವರೆಲ್ಲ ಅಲ್ಲೇ ಇದ್ದರು. ಇದ್ದರೆ ಇರಲಿ ಅನ್ನಿಸಿತು. "ಅಳಿಸ್ದೋರು ನೀವು ಸಾರ್. ನನ್ ಮೇಲೆ ಗೂಬೆ ಕೂರಿಸ್ಬೇಡಿ" ಎಂದು ಕೀಬೋರ್ಡಿನ ಮೇಲಿದ್ದ ಹೂವು ಪಕ್ಕಕ್ಕೆ ತಳ್ಳಿ ಕೂತೇಬಿಟ್ಟೆ.

"ಏಳವ್ವ ಮೇಲಕ್ಕೆ, ಎಲ್ಲಾ ನೋಡ್ತಾವ್ರೆ" ಎಂದ ಅಪ್ಪ. ನಾನು ಏಳಲಿಲ್ಲ. ಎದ್ದಿದ್ದರೆ ಸಂಜೆಗೆ ಸೈಟೂ ಇಲ್ಲ, ನನ್ನ ಕೆಲಸವೂ ಇಲ್ಲ.

ಮೋಡೆಮ್ಮು ಕಿರುಚಿಕೊಂಡು ಲೈನು ಹಿಡಿಯಿತು, ನಡುವೆ ಕಡಿಯಿತು, ಮತ್ತೆ ಹಿಡಿಸಿದೆ. ಬೆನ್ನ ಹಿಂದೆ ಯಜಮಾನರ ಉಪದೇಶ ಬೇರೆ: "ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ, ಸರಿಹೋಯ್ತದೆ." ಮಾಡಬಾರದ್ದು ಅದೊಂದೇ! ಹಲ್ಲು ಕಚ್ಚಿಕೊಂಡು, ಸರ್ವರನ್ನು ಮೊದಲು ಹೂಡುವಾಗ ಓಡಿಸುವ ಪ್ರೋಗ್ರಾಮನ್ನೇ ಮತ್ತೆ ಓಡಿಸಿದೆ. ಅಳಿಸಿದ್ದ ಜಾಗದಲ್ಲಿ ಅದೇ ಹೆಸರಿನ ಖಾಲಿ ಡೇಟಾಬೇಸು ಎದ್ದಿತು. ಅದರೊಳಗೆ ನಮ್ಮ ಹೆಸರು, ನಮ್ಮ ಪಾಸ್‌ವರ್ಡು, ನಮ್ಮ ಹಕ್ಕು ಎಲ್ಲವನ್ನೂ ಮತ್ತೆ ತುಂಬಿದೆ. ಆಮೇಲೆ ನಾನೇ ಸರ್ವರನ್ನು ನಿಲ್ಲಿಸಿ ಶುರು ಮಾಡಿದೆ. ಬೆಲ್ಲದ ಪುಟ ನಿಧಾನವಾಗಿ ಮೇಲಿಂದ ಕೆಳಗೆ ಬಿಚ್ಚಿಕೊಂಡಿತು.

ಯಜಮಾನರು ಕೈಮುಗಿದರು, ನನಗಲ್ಲ, ಪೂಜೆಗಿಟ್ಟಿದ್ದ ದೇವಿಯ ಫೋಟೋಗೆ. "ಪೂಜೆ ಫಲ ನೋಡಿ ಗೌಡ್ರೆ, ತಾಯಿ ಕೈಬುಡ್ನಿಲ್ಲ!" ಥೂ, ಆ ಕ್ಷಣ ಕೀಬೋರ್ಡು ಎತ್ತಿ ಎಸೆಯೋಣ ಅನ್ನಿಸಿತ್ತು.

ಬಸ್ಸಿನಲ್ಲಿ ಅಪ್ಪನ ಜೊತೆ ಊರಿಗೆ ಹೊರಟೆ. ಊರು ಹತ್ತಿರವಾದಾಗ, "ಯಾರು ಅಳಿಸುದ್ರು, ಯಾರು ಸರಿ ಮಾಡುದ್ರು, ಎಲ್ಲಾ ನೋಡ್ದೆ ಕಣವ್ವ. ತಪ್ಪು ನಿಂದಲ್ಲ" ಎಂದ ಅಪ್ಪ. ನನಗೆ ಉಸಿರು ಬಂತು.

"ಆದ್ರೆ ನೀನು ಅಷ್ಟು ಜನದ ಮುಂದೆ ಯಜಮಾನ್ರಿಗೆ ಎದುರು ಮಾತಾಡ್ದೆ. ನಾಳಿಂದ ಕೆಲ್ಸ ಬ್ಯಾಡ ಬುಡು."

ಎದುರು ಮಾತಾಡದೆ ಸುಮ್ಮನಿದ್ದಿದ್ದರೆ ಸೈಟು ಹಾಳಾಗಿ ದೂರು ನನ್ನ ಮೇಲೇ ಬರುತ್ತಿತ್ತು. ಆಗಲೂ ಅಪ್ಪ ಬ್ಯಾಡ ಬುಡು ಅಂತಲೇ ಅನ್ನುತ್ತಿದ್ದ. ಹಾಗಾದರೆ ನಾನು ಏನು ಮಾಡಬೇಕಿತ್ತು ಅಂತ ಕೇಳಿದೆ. "ಊರು ಬಂತು, ಇಳಿಯವ್ವ" ಎಂದು ಅಪ್ಪ ಎದ್ದ.