ವಿನಿಫ್ರೆಡ್ ಬಾಯಿಯ ಒಂದೊಂದೇ ಮಾತು

ಕೊಡಿಯಾಲ್‌ಬೈಲಿನ ಆ ಮಕ್ಕಳ ಕ್ಲಿನಿಕ್ಕಿನಲ್ಲಿ ಡಾಕ್ಟರರಿಗಿಂತ ನರ್ಸ್ ವಿನಿಫ್ರೆಡ್ ಬಾಯಿಯ ಹೆಸರೇ ದೊಡ್ಡದು. ಕೂತಲ್ಲಿ ಕೂರದ, ಕೇಳಿದ್ದು ತಲೆಯಲ್ಲಿ ನಿಲ್ಲದ ಮಕ್ಕಳನ್ನು ಡಾಕ್ಟರರು ಪರೀಕ್ಷಿಸಿ ಅವರ ಬಳಿಗೆ ಕಳಿಸುತ್ತಿದ್ದರು. ಎಂಬತ್ತರ ದಶಕದ ಆರಂಭವದು. ಅಂಥ ಮಕ್ಕಳಿಗೆ ಊರಿಟ್ಟ ಹೆಸರು ಪೋಕ್ರಿ, ಮದ್ದು ಬೆತ್ತ. ಬೆತ್ತ ಕಂಡರೆ ವಿನಿಫ್ರೆಡ್ ಬಾಯಿಗೆ ಆಗುತ್ತಿರಲಿಲ್ಲ. ಅಲ್ಲೇ ಚೀಟಿ ಕೊಡುತ್ತಿದ್ದ ನನಗೂ ಆಗುತ್ತಿರಲಿಲ್ಲ, ಹಾಗಾಗಿ ನಮ್ಮಿಬ್ಬರ ನಡುವೆ ಚೆನ್ನಾಗಿ ಹೊಂದಿಕೆಯಿತ್ತು.

ಒಂದು ಜುಲೈಯಲ್ಲಿ ಹೋಟೆಲಿನ ಗುಣಪಾಲ ಶೆಟ್ಟರು ಮಗಳು ಸ್ನೇಹಲತಾಳನ್ನು ಎಳೆದುಕೊಂಡೇ ಬಂದರು. ಕ್ರಿಸ್‌ಮಸ್ ರಜೆಯೊಳಗೆ ಸರಿಹೋಗದಿದ್ದರೆ ಶಾಲೆ ಬಿಡಿಸಿ ಕರೆದುಕೊಂಡು ಹೋಗಿ ಎಂದು ಶಾಲೆಯವರು ಹೇಳಿದ್ದರಂತೆ. ಹುಡುಗಿ ಬಂದವಳೇ ತೂಕದ ಯಂತ್ರ ಹತ್ತಿ ಇಳಿದು, ಫ್ಯಾನಿನ ಸ್ವಿಚ್ಚು ತಿರುಗಿಸಿ, ನನ್ನ ಚೀಟಿಗಳನ್ನೆಲ್ಲ ಕಲಸಿ ಹಾಕಿದಳು.

ಬಾಯಿ ಅಪ್ಪನಿಗೆ ಒಂದೇ ಉಸಿರಿಗೆ ಹೇಳಿದರು: "ಓದ್ಲಿಕ್ಕೆ ಕಿಟಕಿಯ ಹತ್ರ ಕೂರಿಸ್ಬೇಡಿ. ನಡುವೆ ಓಡಾಡುವ ಕೆಲಸ ಕೊಡಿ. ಭುಜ ಮುಟ್ಟಿ, ಕಣ್ಣು ನೋಡಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಮಾಡಿದ ಕೂಡ್ಲೇ ಹೊಗಳಿ."

ಶೆಟ್ಟರು ತಲೆಯಾಡಿಸಿ ಹೋದವರು ಗೇಟಿನಿಂದ ವಾಪಸ್ ಬಂದರು. "ಬಾಯಿ, ಎರಡನೆಯದ್ದು ಎಂತ?" ಬಾಯಿ ಹೇಳಿದರು. ಸ್ಕೂಟರಿನವರೆಗೆ ಹೋಗಿ ಮತ್ತೆ ಬಂದರು. "ಭುಜ ಯಾವಾಗ ಮುಟ್ಟುವುದು?" ಆಮೇಲೆ ಮರೆತ ಕೊಡೆಗಾಗಿ ಬಂದರು, ಕೊಡೆ ತೆಗೆದುಕೊಂಡು ಕೀಲಿಕೈಯನ್ನು ಮೇಜಿನ ಮೇಲೆ ಬಿಟ್ಟರು. ದುಡ್ಡಿದ್ದವರ ಅಸಡ್ಡೆ ಎಂದು ನನಗೆ ಮೈಯುರಿಯಿತು.

ಬಾಯಿ ಮಾತ್ರ ನನ್ನತ್ತ ತಿರುಗಿ ನಗುತ್ತಾ ಹಣೆ ತಟ್ಟಿಕೊಂಡರು. "ನನ್ನದೇ ತಪ್ಪು ಮಾರಾಯ್ತಿ, ಎಲ್ಲ ಒಟ್ಟಿಗೆ ಹೇಳಿದೆ." ಕೀಲಿಕೈಗಾಗಿ ಮತ್ತೆ ಬಂದ ಶೆಟ್ಟರ ಭುಜದ ಮೇಲೆ ಕೈಯಿಟ್ಟು, ಅವರು ಮುಖ ನೋಡುವವರೆಗೆ ಕಾದರು.

"ಈ ವಾರ ಒಂದೇ ಕೆಲಸ. ಕಿಟಕಿಯಿಂದ ದೂರ ಕೂರಿಸಿ. ಎಂತ ಮಾಡ್ತೀರಿ?"

"ಕಿಟಕಿಯಿಂದ ದೂರ ಕೂರಿಸ್ತೇನೆ."

"ಸರಿಯಾಗಿ ಹೇಳಿದ್ರಿ."

ಅಷ್ಟು ದೊಡ್ಡ ಆಳು ಬೆಂಚಿನ ಮೇಲೆ ಕೂತುಬಿಟ್ಟರು. "ಬಾಯಿ, ಇವಳಿಗಿರುವುದು ದೊಡ್ಡವರಿಗೂ ಉಂಟಾ?"

"ಕೆಲವರಿಗೆ ಉಂಟು. ಸಣ್ಣದಿರುವಾಗ ಶುರುವಾದದ್ದು ಹಾಗೇ ಉಳೀತದೆ."

"ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಪೆಟ್ಟು ತಿಂದು ಸಾಕಾಗಿತ್ತು." ನನಗೆ ಅವರ ಮುಖ ನೋಡಲಾಗಲಿಲ್ಲ.

ಆಮೇಲೆ ಶನಿವಾರಕ್ಕೆ ಒಂದರಂತೆ ಅಪ್ಪನಿಗೂ ಮಗಳಿಗೂ ಪಾಠ ನಡೆಯಿತು. ಹೋಟೆಲಿನಲ್ಲಿ ತಿಂಡಿಯ ಆರ್ಡರು ತಪ್ಪುವುದು ಕಡಿಮೆಯಾಯಿತಂತೆ, ಸ್ನೇಹಲತಾ ಲೆಕ್ಕವನ್ನು ಕೊನೆಯವರೆಗೆ ಮಾಡತೊಡಗಿದಳು.

ಡಿಸೆಂಬರಿನಲ್ಲಿ ಶಾಲೆಯವರು ಕರೆದಾಗ ಶೆಟ್ಟರ ಜೊತೆ ಬಾಯಿಯೂ ಹೋದರು. "ಮೊದಲಿಗಿಂತ ವಾಸಿ. ಆದ್ರೂ ಒಂದು ಮಾತನ್ನು ಎಷ್ಟು ಸಲ ಹೇಳ್ಬೇಕು ಇವಳಿಗೆ?" ಎಂದರಂತೆ ಟೀಚರು.

ಶೆಟ್ಟರು ಎದ್ದು ನಿಂತರಂತೆ. "ಭುಜ ಮುಟ್ಟಿ ಒಂದು ಸಲ ಹೇಳಿ ಟೀಚರ್. ನನಗೆ ಹೊಡೆದವರಿಗೆ ಇದನ್ನು ಹೇಳ್ಲಿಕ್ಕೆ ಯಾರೂ ಇರ್ಲಿಲ್ಲ."

ಇದನ್ನು ನನಗೆ ಹೇಳುವಾಗ ಬಾಯಿ ಅತ್ತುಬಿಟ್ಟರು. ರಜೆ ಮುಗಿದ ಮೇಲೆ ಸ್ನೇಹಲತಾ ಅದೇ ಶಾಲೆಗೆ ಹೋದಳು.